ಹಿಡಿದವರು ಯಾರೆಂದು ನೋಡದೆ ಇಳಿಸಿದ ಫೈಲು

ಗದಗ-ಬೆಟಗೇರಿ
ಫೆಬ್ರವರಿ 30, 2194

ಮಾನ್ಯರೆ,

‘ಅಳಿಸಿದಲ್ಲಿ ಹಾಳೆ ಇನ್ನಷ್ಟು ಬೆಳ್ಳಗಾಯಿತು’ ಎಂಬ ಒಂದು ಸಾಲು ಎರಡು ದಿನದಿಂದ ನನ್ನನ್ನು ಬಿಡುತ್ತಿಲ್ಲ. ಎಂ.ಎ. ಓದುವಾಗ ಯಾವುದೋ ಸಂಕಲನದಲ್ಲಿ ಕಂಡದ್ದು. ಬರೆದವರ ಹೆಸರು ನೆನಪಿಲ್ಲ, ಹಿಂದಿನ ಸಾಲೂ ಇಲ್ಲ, ಮುಂದಿನದೂ ಇಲ್ಲ. ಆಗ ಅದರ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆದಿದ್ದೆ. ಈಗ ಅನ್ನಿಸುತ್ತದೆ, ಅದನ್ನು ಬರೆದವರು ಜೀವಮಾನದಲ್ಲಿ ಒಮ್ಮೆಯೂ ಏನನ್ನೂ ಅಳಿಸಿ ನೋಡಿರಲಾರರು. ಅಳಿಸಿದ ಜಾಗ ಬೆಳ್ಳಗಾಗುವುದಿಲ್ಲ. ಸವೆಯುತ್ತದೆ, ಬೂದಿ ಬಣ್ಣಕ್ಕೆ ತಿರುಗುತ್ತದೆ, ಮತ್ತೆ ಬರೆಯಹೋದರೆ ಅಲ್ಲಿ ಮಸಿ ಹರಡುತ್ತದೆ. ಬೆಳ್ಳಗೆ ಕಾಣುವುದು ಏನನ್ನೂ ಬರೆಯದೆ ಇದ್ದ ಹಾಳೆ ಮಾತ್ರ.

ಮೇಲಿನ ತಾರೀಕು ನಿಮಗೆ ತಪ್ಪಾಗಿ ಕಾಣುತ್ತದೆಂದು ಬಲ್ಲೆ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಉಳಿದ ಐದು ದಿನ ಯಾವ ತಿಂಗಳಿಗೂ ಸೇರದೆ ವರ್ಷದ ಕೊನೆಯಲ್ಲಿ ಬಿದ್ದಿರುತ್ತವೆ, ಆಗ ಯಾರೂ ದುಡಿಯುವುದಿಲ್ಲ. ಈ ಪತ್ರದ ಕೆಲವು ಮಾತುಗಳೂ ನಿಮ್ಮ ಕಿವಿಗೆ ಒರಟಾಗಿ ಕೇಳಬಹುದು, ಕ್ಷಮಿಸಿ. ಅವುಗಳನ್ನು ನಾನು ಅಂದಗಾಣಿಸಲು ಕಟ್ಟಿದ್ದಲ್ಲ. ನಮ್ಮ ಬೀದಿಯಲ್ಲಿ ತರಕಾರಿ ಕೊಳ್ಳುವಾಗಲೂ ಬಳಸುವ ಮಾತುಗಳು ಅವು. ನೂರಾ ಎಪ್ಪತ್ತು ವರ್ಷ ಹಿಂದೆ ಕುಳಿತು, ಮನೆಯ ಕಂಪ್ಯೂಟರಿನ ಮುಂದೆ, ಎಷ್ಟು ಸಲ ಒತ್ತಿದರೂ ಹೋಗದ ಒಂದು ಫೈಲನ್ನು ಬೈಯುತ್ತಿರುವ ನಿಮಗೆ ನಾನು ಬರೆಯುತ್ತಿದ್ದೇನೆ. ನಿಮ್ಮ ಕಾಲದ ಹಾಳೆಗಳನ್ನು ಓದಿದ್ದೇನೆ. ‘ಮೊಂಡು ಫೈಲನ್ನು ತೆಗೆದುಹಾಕುವುದು ಹೇಗೆ’ ಎಂದು ನೀವು ಕೇಳುತ್ತೀರಿ, ಯಾರೋ ಉತ್ತರಿಸುತ್ತಾರೆ, ನೀವು ಉತ್ತರದ ಮೊದಲ ಸಾಲನ್ನು ಬಿಟ್ಟು ಕೊನೆಯ ಸಾಲಿಗೆ ಹೋಗುತ್ತೀರಿ. ನಾನೂ ಅದನ್ನೇ ಮಾಡಿದೆ. ನಾನು ಅನಸೂಯಾ ಬಣ್ಣದ, ವಯಸ್ಸು ನಲವತ್ತೆಂಟು. ನೇಕಾರರ ಸಂಘದ ಗ್ರಂಥಾಲಯದಲ್ಲಿ ಹಳೆಯ ಕೈಬರಹಗಳನ್ನು ಒಂದಕ್ಕೊಂದು ಹೋಲಿಸಿ ತಪ್ಪು ಹುಡುಕುವುದು ನನ್ನ ಕೆಲಸ.

ನಿಮ್ಮ ಕಂಪ್ಯೂಟರನ್ನೇ ನಾವು ಗೂಡು ಎನ್ನುತ್ತೇವೆ. ಹಳೆಯ ಮನೆಗಳಲ್ಲಿ ದೀಪ ಇಡಲು ಗೋಡೆಯಲ್ಲಿ ಇರುತ್ತಿದ್ದ ಗೂಡಿನಲ್ಲೇ ಅದನ್ನು ಕೂರಿಸುವುದರಿಂದ ಆ ಹೆಸರು ಬಂತು. ನಿಮ್ಮ ಮೊಮ್ಮಕ್ಕಳ ಕಾಲದಲ್ಲಿ, ದೂರದಲ್ಲೆಲ್ಲೋ ಜನ ತಮ್ಮದೆಲ್ಲವನ್ನೂ ಒಪ್ಪಿಸಿಟ್ಟಿದ್ದ ದೊಡ್ಡ ಕೋಠಿಗಳು ಒಂದೇ ವಾರದಲ್ಲಿ ಹಾಳಾದವಂತೆ. ಮದುವೆಯ ಚಿತ್ರ, ಹೊಲದ ಪತ್ರ, ಔಷಧಿಯ ಚೀಟಿ, ಎಲ್ಲವೂ ಹೋದವು. ಅಂದಿನಿಂದ ಎರಡು ಕಟ್ಟಳೆ. ಯಾರ ಫೈಲು ಅವರ ಮನೆಯಲ್ಲೇ ಇರಬೇಕು. ಮತ್ತು ಪ್ರತಿ ಮನೆಯ ಮುಖ್ಯ ಫೈಲುಗಳ ಒಂದು ಪ್ರತಿ ಪಕ್ಕದ ಮನೆಯಲ್ಲಿ ಇರಬೇಕು. ಇದಕ್ಕೆ ನೆರೆಪ್ರತಿ ಎಂದು ಹೆಸರು. ಹೀಗಾಗಿ ನಮ್ಮಲ್ಲಿ ಜಾಗ ಯಾವಾಗಲೂ ಕಡಿಮೆ. ಅಟ್ಟ ಖಾಲಿ ಮಾಡುವಂತೆ ವರ್ಷಕ್ಕೆರಡು ಬಾರಿ ಗೂಡು ಖಾಲಿ ಮಾಡಬೇಕು. ನೀವು ಡಿಲೀಟ್ ಎನ್ನುವುದನ್ನು ನಾವು ಇಳಿಸುವುದು ಎನ್ನುತ್ತೇವೆ, ಹೊರೆ ಇಳಿಸಿದ ಹಾಗೆ, ಒಲೆಯಿಂದ ಪಾತ್ರೆ ಇಳಿಸಿದ ಹಾಗೆ. ಫೈಲೊಂದನ್ನು ಇಳಿಸಲು ಪಕ್ಕದ ಮನೆಯ ಬಾಗಿಲಿಗೆ ಹೋಗಿ ‘ಬಿಡ್ರಿ’ ಎನ್ನಬೇಕು. ಅವರು ‘ಬಿಟ್ಟೆ’ ಎಂದರೆ ಅಲ್ಲಿಯ ಪ್ರತಿಯೂ ಹೋಗುತ್ತದೆ. ಏನು, ಯಾಕೆ ಎಂದು ಕೇಳುವುದು ಬಹಳ ಕೀಳಾದ ನಡತೆ. ಅನ್ನಕ್ಕೆ ಕುಳಿತವರ ತಟ್ಟೆಯಲ್ಲಿ ಇಣುಕಿದಂತೆ.

ನಾನು ಇಳಿಸಿದ ಫೈಲು ನನ್ನ ಅವ್ವನ ನೆನಪುಗೋಲು. ವಯಸ್ಸಾದವರು ನಡೆಯಲು ಕೋಲು ಹಿಡಿದಂತೆ, ನೆನಪು ಕುಸಿಯುವ ಮುಂಚೆಯೇ ಜನ ನಮ್ಮಲ್ಲಿ ಇಂಥದೊಂದು ಫೈಲು ಮಾಡಿಸಿಡುತ್ತಾರೆ. ಮನೆಯಲ್ಲಿ ಯಾರ್ಯಾರಿದ್ದಾರೆ, ಯಾರು ಏನಾಗಬೇಕು, ಯಾವ ಗುಳಿಗೆ ಯಾವಾಗ, ಉಪ್ಪಿನ ಡಬ್ಬಿ ಎಲ್ಲಿ, ಎಲ್ಲವನ್ನೂ ತಾವೇ ಹೇಳಿ ಬರೆಸುತ್ತಾರೆ. ಮುಂದೆ ಕಡಲೆಕಾಳಿನಷ್ಟು ದೊಡ್ಡ ಒಂದು ಗುಂಡು ಕಿವಿಯಲ್ಲಿ ಕುಳಿತು, ಎದುರು ಬಂದವರ ಮುಖ ನೋಡಿ, ಇವನು ನಿನ್ನ ಮಗ, ಇವಳು ನಿನ್ನ ಸೊಸೆ ಎಂದು ಪಿಸುಗುಡುತ್ತದೆ. ಮನೆಯವರು ಯಾರು ಬೇಕಾದರೂ ಅದನ್ನು ಓದಬಹುದು. ಬರೆಯುವ ಹಕ್ಕು ಮಾತ್ರ ಒಡತಿಗೆ, ಅದೂ ಆಕೆಯ ಬಾಯಿಂದಲೇ. ಇನ್ನೊಬ್ಬರ ನೆನಪುಗೋಲಿನಲ್ಲಿ ಒಂದಕ್ಷರ ತಿದ್ದಿದರೂ ಮೂರು ವರ್ಷ ಊರ ಹೊರಗೆ ಹಾಕುತ್ತಾರೆ. ಇದು ಒಳ್ಳೆಯ ಕಟ್ಟಳೆ ಎಂದು ಈಗಲೂ ನಂಬುತ್ತೇನೆ.

ಅವ್ವ, ದಾನಮ್ಮ ಎಂದು ಹೆಸರು, ಅರವತ್ತೆಂಟರಲ್ಲಿ ತನ್ನ ಕೋಲನ್ನು ಬರೆಸಿದಳು. ಒಂದೇ ಸೂರಿನಡಿ ಇರುವವರನ್ನು ಮಾತ್ರ ಬರೆಸುವುದು ರೂಢಿ. ಆಗ ಆ ಸೂರಿನಡಿ ಇದ್ದದ್ದು ನನ್ನ ತಮ್ಮ ಪಂಪಣ್ಣ, ಬೆಳಿಗ್ಗೆ ಬಂದು ಸಂಜೆ ಹೋಗುತ್ತಿದ್ದ ಕೆಲಸದ ಹನುಮವ್ವ, ಇಬ್ಬರೇ. ನಾನು ದಾವಣಗೆರೆಯಲ್ಲಿ ಗಂಡನ ಮನೆಯಲ್ಲಿದ್ದೆ. ಆರು ತಿಂಗಳ ನಂತರ ಆ ಸಂಸಾರ ಮುಗಿಸಿ ಎರಡು ಪೆಟ್ಟಿಗೆ ಪುಸ್ತಕ, ಒಂದು ಬಟ್ಟೆಯ ಗಂಟು ಹೊತ್ತು ಬೆಟಗೇರಿಗೆ ಮರಳಿದೆ. ಅವ್ವನ ನೆನಪು ಆಗಲೇ ಅಲ್ಲಲ್ಲಿ ಹರಿದಿತ್ತು. ಬಾಗಿಲಲ್ಲಿ ನಿಂತು ನನ್ನ ಮುಖವನ್ನು ನೋಡಿದಳು, ಕಿವಿಯ ಮಾತಿಗೆ ಕಾದಳು. ಪಟ್ಟಿಯಲ್ಲಿ ಇಲ್ಲದ ಮುಖ ಕಂಡರೆ ಕೋಲು ಹತ್ತಿರದ ಹೋಲಿಕೆಯನ್ನು ಹುಡುಕುತ್ತದೆ. ನಡುವಯಸ್ಸಿನ ಹೆಂಗಸು, ಬೆಳಗಿನ ಹೊತ್ತು, ಕೈಯಲ್ಲಿ ಗಂಟು.

“ಏನ ಹನುಮವ್ವಾ,” ಎಂದಳು ಅವ್ವ. “ಇಷ್ಟ ಹೊತ್ತಿಗೆ ಬರೂದೇನ? ಸೂರ್ಯಾ ನೆತ್ತಿಗೆ ಬಂದ. ನಿನ್ನ ಗಂಟು ಹೊರಗಿಡು, ಮೊದಲ ಕಸಾ ಹೊಡಿ.”

ಪಂಪಣ್ಣ ನಕ್ಕುಬಿಟ್ಟ. ನಾನೂ ನಕ್ಕೆ. ಆ ದಿನ ಅದು ನಗುವ ವಿಷಯವೇ ಆಗಿತ್ತು. ಸಂಜೆ ನನ್ನ ಕೋಣೆಯ ಓದುವ ಮಣೆಯ ಮೇಲೆ, ಎಂದರೆ ನೀವು ಪರದೆ ಎನ್ನುವುದರ ಮೇಲೆ, ಅವ್ವನ ಫೈಲನ್ನು ತೆರೆದು ಮೊದಲಿಂದ ಕೊನೆಯವರೆಗೆ ಓದಿದೆ. ಉಪ್ಪಿನ ಡಬ್ಬಿಗೆ ನಾಲ್ಕು ಸಾಲು ಇತ್ತು, ನನಗೆ ಒಂದೂ ಇರಲಿಲ್ಲ. ಮರುದಿನ ಅವಳ ಮನಸ್ಸು ತಿಳಿಯಾಗಿದ್ದ ಹೊತ್ತು ನೋಡಿ, ಅವಳ ಮೊಣಕಾಲ ಬಳಿ ಕುಳಿತು, ನಾನು ನಿನ್ನ ಮಗಳು ಎಂದು ಕೋಲಿಗೆ ಹೇಳಿ ಬರೆಸು ಎಂದು ಕೇಳಿಕೊಂಡೆ. ಅವಳು ನನ್ನ ಗದ್ದ ಹಿಡಿದಳು. “ಅಯ್ಯ ನನ್ನವ್ವಾ, ಅದನ್ನೂ ಹೇಳಬೇಕೇನ? ಬರಸ್ತೀನಿ ತಗೋ.” ಸ್ನಾನದ ಮನೆಯಲ್ಲಿ ಅವಳು ಏನೋ ಗುನುಗುತ್ತಿದ್ದುದು ಕೇಳಿಸಿತು. ಹೊರಬಂದು, “ಬರಸೀನಿ,” ಎಂದಳು. ಮರುಬೆಳಿಗ್ಗೆ ಮಣೆಯ ಬಳಿ ಹೋಗಿ ನೋಡಿದೆ. ಫೈಲಿನಲ್ಲಿ ಒಂದಕ್ಷರವೂ ಹೆಚ್ಚಾಗಿರಲಿಲ್ಲ. ಅಡಿಗೆಮನೆಗೆ ಬಂದರೆ ಅವ್ವ ನನ್ನನ್ನು ಕಂಡು, “ಹನುಮವ್ವಾ, ಹಾಲ ಉಕ್ಕಿಸಬ್ಯಾಡ,” ಎಂದಳು.

ಎರಡನೆಯ ಸಲ ನಾನು ಕೇಳಲಿಲ್ಲ. ಹೆಣ್ಣುಮಕ್ಕಳು ಮನೆ ಬಿಟ್ಟು ಹೋದವರು, ಅವರಿಗೆ ಕೋಲಿನಲ್ಲಿ ಜಾಗವಿಲ್ಲ, ಬಾಯಲ್ಲಿ ಹೂಂ ಎಂದು ಮನಸ್ಸಿನಲ್ಲಿ ಬೇಡವೆಂದಳು ಎಂದುಕೊಂಡೆ. ನಾನು ಕವಿತೆ ಓದುವವಳು. ಮಾತಿನ ಹಿಂದಿನ ಮಾತು ನನಗೆ ಬೇಗ ಕಾಣುತ್ತದೆ ಎಂಬ ಜಂಬ ಇತ್ತು. ಹಿಂದೆ ಏನೂ ಇಲ್ಲದ ಮಾತುಗಳೂ ಇರುತ್ತವೆ ಎಂದು ಯಾವ ಗುರುಗಳೂ ನನಗೆ ಕಲಿಸಿರಲಿಲ್ಲ.

ಒಂಬತ್ತು ವರ್ಷ ನಾನು ನನ್ನ ತಾಯಿಯ ಮನೆಯಲ್ಲಿ ಹನುಮವ್ವಳಾಗಿದ್ದೆ. ನಿಜವಾದ ಹನುಮವ್ವ ನಾನು ಬಂದ ವರ್ಷವೇ ಮಗಳ ಊರಿಗೆ ಹೋಗಿಬಿಟ್ಟಳು. ನಮ್ಮ ದಿನಗಳು ಹೇಗಿರುತ್ತವೆಂದು ಸ್ವಲ್ಪ ಹೇಳಬೇಕು. ಬೇಸಿಗೆಯಲ್ಲಿ ಇಲ್ಲಿ ಐವತ್ತೊಂದು ಡಿಗ್ರಿ ಬಿಸಿಲು. ಬೀದಿಗಳ ಮೇಲೆಲ್ಲ ಈ ಕೊನೆಯಿಂದ ಆ ಕೊನೆಗೆ ನಮ್ಮದೇ ಮಗ್ಗಗಳಲ್ಲಿ ನೆಯ್ದ ದಪ್ಪ ಬಟ್ಟೆಯ ಚಪ್ಪರ ಹಾಸಿರುತ್ತಾರೆ, ಅದರ ನೀಲಿ ನೆರಳಿನಲ್ಲಿ ಎಲ್ಲರ ಮುಖವೂ ಸ್ವಲ್ಪ ಕಾಯಿಲೆಯವರಂತೆ ಕಾಣುತ್ತದೆ. ನೀರು ಬೆಳಗಿನ ಎರಡು ತಾಸು. ಕಪ್ಪತಗುಡ್ಡದ ಗಾಳಿಕಂಬಗಳು ತಿರುಗಿದರೆ ಮನೆ ತಂಪು, ಇಲ್ಲವಾದರೆ ಒದ್ದೆ ಚಾದರ. ರೊಟ್ಟಿ ಬಡಿಯುವುದನ್ನು ಮಾತ್ರ ಯಾವ ಯಂತ್ರಕ್ಕೂ ಕೊಟ್ಟಿಲ್ಲ. ನಾನು ರೊಟ್ಟಿ ಬಡಿಯುವಾಗ ಅವ್ವ ಎದುರಿಗೆ ಮಣೆ ಹಾಕಿ ಕುಳಿತು ತಪ್ಪು ಹುಡುಕುತ್ತಿದ್ದಳು.

“ಇದೇನ ರೊಟ್ಟಿನೋ, ಎಮ್ಮಿ ಕಿವಿನೋ? ನನ್ನ ಮಗಳ ಕೈಯಾಗಿನ ರೊಟ್ಟಿ ನೋಡಬೇಕಿತ್ತ ನೀ. ಹಾಳಿ ಹಂಗ.”

“ನಿಮ್ಮ ಮಗಳು ಎಲ್ಲಿದಾರ್ರೀ ಅಮ್ಮಾರ?” ಎಂದು ನಾನು ಕೇಳುತ್ತಿದ್ದೆ. ಮೊದಮೊದಲು ನೋವಿನಿಂದ, ಆಮೇಲೆ ಚುಚ್ಚಲು.

“ದೊಡ್ಡ ಊರಾಗ ಅದಾಳ. ಎಂ.ಎ. ಮಾಡ್ಯಾಳ. ಕವಿತಾ ಓದತಾಳ, ನಿನಗೇನ ತಿಳೀತೈತಿ ಅದು. ಬಾಳ ಶಾಣ್ಯಾಕಿ. ಸೊಕ್ಕು ಜರಾ ಜಾಸ್ತಿ. ಅವ್ವನ ನೋಡಾಕ ಒಂದ ಸಲಾನೂ ಬರಲಿಲ್ಲ.”

ಮಗಳೊಬ್ಬಳು ಇದ್ದಾಳೆಂಬುದು ಅವಳಿಗೆ ಯಾವ ಕೋಲಿನ ಸಹಾಯವೂ ಇಲ್ಲದೆ ನೆನಪಿತ್ತು. ಮುಖ ಮಾತ್ರ ಹೋಗಿತ್ತು. ಮುಖ ತೋರಿಸಬೇಕಾದ ಕೋಲು ನನ್ನನ್ನು ಕಂಡಾಗಲೆಲ್ಲ ಕಸಬರಿಗೆ ಎಂದು ಹೇಳುತ್ತಿತ್ತು.

ನಾನು ಬಂದ ಮೂರನೆಯ ವರ್ಷ ಪಂಪಣ್ಣ ಗಾಳಿಕಂಬ ಹತ್ತಿದವನು ಕೆಳಗೆ ಬಿದ್ದು ಸತ್ತ. ಮಣ್ಣು ಮಾಡಿ ಬಂದ ಸಂಜೆ ಅವ್ವ ಅತ್ತಳು, ನನ್ನ ಹೆಗಲ ಮೇಲೆಯೇ ಅತ್ತಳು. ಮರುದಿನ ಸಂಜೆ ದೀಪ ಹಚ್ಚಿ, “ಪಂಪಣ್ಣ ಬರೂ ಹೊತ್ತಾತು, ಚಾ ಇಡು,” ಎಂದಳು. ಕೋಲಿನಲ್ಲಿ ಮಗ ಕೆಲಸಕ್ಕೆ ಹೋಗಿರುತ್ತಾನೆ, ಸಂಜೆ ಬರುತ್ತಾನೆ ಎಂದೇ ಇತ್ತು. ಆರು ವರ್ಷ ಪ್ರತಿ ಸಂಜೆ ಎರಡು ಲೋಟ ಚಹಾ ಇಟ್ಟಿದ್ದೇನೆ. ಇಷ್ಟೇ ಆಗಿದ್ದರೆ ನನ್ನನ್ನು ನೀವು ಒಳ್ಳೆಯವಳೆನ್ನಬಹುದಿತ್ತು. ಆದರೆ ಮೂರು ಸಲ, ಮೂರೂ ಸಲ ಬೇಕೆಂದೇ, ಅವ್ವನ ಮುಂದೆ ನಿಂತು ಪಂಪಣ್ಣ ಸತ್ತಿದ್ದಾನೆ ಎಂದು ಹೇಳಿದೆ. ಒಂದು ಸಲ ನೆಲ ಸರಿಯಾಗಿ ಒರೆಸಲಿಲ್ಲವೆಂದು ಬೈದದ್ದಕ್ಕೆ. ಒಂದು ಸಲ ನನ್ನ ಪುಸ್ತಕಗಳನ್ನು ರದ್ದಿ ಎಂದು ಹೊರಗಿಟ್ಟದ್ದಕ್ಕೆ. ಮೂರನೆಯ ಸಲದ ಕಾರಣ ನನಗೇ ನೆನಪಿಲ್ಲ. ಮೂರು ಸಲವೂ ಅವಳಿಗೆ ಅದು ಮೊದಲ ಸಲ. ಅವಳು ಕುಸಿದು ಕೂರುವುದನ್ನು ನೋಡುವಾಗ ನನ್ನೊಳಗೆ ಏನೋ ಹಗುರಾಗುತ್ತಿತ್ತು ಎಂಬುದನ್ನೂ ಬರೆದುಬಿಡುತ್ತೇನೆ. ನಿಮ್ಮ ಮತ್ತು ನನ್ನ ನಡುವೆ ಇಷ್ಟು ವರ್ಷ ಇರುವಾಗ ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ಈ ವರ್ಷ ಜನವರಿಯಲ್ಲಿ ಗೂಡು ತುಂಬಿತು. ತಂಪು ಯಂತ್ರ ತಡವರಿಸತೊಡಗಿತು. ಜಾಗ ಮಾಡಲು ಕುಳಿತೆ, ಹಳೆಯ ಬಿಲ್ಲುಗಳು, ಪಂಪಣ್ಣನ ಕಂಬದ ನಕ್ಷೆಗಳು, ಎಲ್ಲ ಇಳಿದವು. ಉಳಿದದ್ದರಲ್ಲಿ ಎಲ್ಲಕ್ಕಿಂತ ದೊಡ್ಡದು ನೆನಪುಗೋಲು. ಒಡತಿಗೆ ನೆನಪಿಲ್ಲವಾದರೆ ಮನೆಯ ಹಿರಿಯರ ಮಾತೇ ಸಾಕು, ತಿದ್ದುವುದಕ್ಕೆ ಅಲ್ಲ, ಇಳಿಸುವುದಕ್ಕೆ. ವಿಚಿತ್ರ ನೋಡಿ, ಒಂದಕ್ಷರ ಸೇರಿಸಿದರೆ ಊರ ಹೊರಗೆ, ಪೂರ್ತಿ ಕಿತ್ತರೆ ಯಾರೂ ಕೇಳುವುದಿಲ್ಲ. ಜಾಗಕ್ಕಾಗಿ ಎಂದು ನನಗೆ ನಾನೇ ಹೇಳಿಕೊಂಡೆ. ನಿಜಕ್ಕೂ ನನ್ನ ಆಸೆ ಬೇರೆಯೇ ಇತ್ತು. ಕಿವಿಯಲ್ಲಿ ಸುಳ್ಳು ಹೇಳುವುದು ನಿಂತರೆ, ಅವ್ವನ ಸ್ವಂತ ಕಣ್ಣು ನನ್ನನ್ನು ಹುಡುಕಿಕೊಳ್ಳಬಹುದು. ಸಾಯುವ ಮುಂಚೆ ಒಂದು ಬೆಳಿಗ್ಗೆ ನನ್ನನ್ನು ಅನಸೂಯಾ ಎಂದು ಕರೆಯಬಹುದು. ಒಂದೇ ಬೆಳಿಗ್ಗೆ ಸಾಕಾಗಿತ್ತು.

ಬಾಗಿಲು ದಾಟಿ ಪಕ್ಕದ ತುಳಸಾಬಾಯಿ ಬಾಕಳೆಯವರ ಮನೆಗೆ ಹೋದೆ. ಅವರ ಮನೆಯಲ್ಲಿ ಯಾವಾಗಲೂ ಖಾರದ ಮಸಾಲೆ ಹುರಿಯುವ ವಾಸನೆ, ಕೆಮ್ಮದೆ ಒಳಗೆ ಹೋಗಲಾಗದು. ಒಳಗಿನಿಂದ ಅವರ ಅತ್ತೆ ಒಂದೇ ಕಥೆಯನ್ನು ಮತ್ತೆ ಮತ್ತೆ ಜೋರಾಗಿ ಹೇಳುತ್ತಿದ್ದರು, ಮದುವೆಯ ದಿನ ಯಾರೋ ಚಪ್ಪಲಿ ಕದ್ದ ಕಥೆ. ನಾನು ಹೊಸ್ತಿಲ ಹೊರಗೆ ನಿಂತು, ಒಂದು ಫೈಲು ಇಳಿಸಬೇಕಾಗಿದೆ, ಬಿಡ್ರಿ ಎಂದೆ.

“ಬಿಟ್ಟೇನ್ರಿ ಅಕ್ಕಾರ, ಬಿಟ್ಟೆ,” ಎಂದರು ತುಳಸಾಬಾಯಿ, ಕೈಯಲ್ಲಿನ ಸೌಟು ಆಡಿಸುತ್ತ. “ಅದಕ್ಕ ಯಾಕ ಅಷ್ಟ ಮಾರಿ ಸಣ್ಣದ ಮಾಡೀರಿ? ನಾ ಏನ ಕೇಳಿದ್ನೇನ? ಕೇಳೂದಿಲ್ಲ. ಒಳಗ ಬರ್ರಿ, ಈ ಚಪ್ಪಲಿ ಕಥಿ ನೀವೂ ಒಂದೀಟ ಕೇಳ್ರಿ, ನಾ ಒಬ್ಬಾಕೀನ ಯಾಕ ಸಾಯಬೇಕು.”

ಅವರು ಏನೆಂದು ಕೇಳಿದ್ದರೆ ನಾನು ಹೇಳುತ್ತಿರಲಿಲ್ಲ. ಆದರೂ ಈಗ ಯೋಚಿಸುತ್ತೇನೆ, ಕೇಳಿದ್ದರೆ ನಾನು ಅರ್ಧ ದಿನವಾದರೂ ತಡೆಯುತ್ತಿದ್ದೆನೇನೋ.

ಮಧ್ಯಾಹ್ನ ಅವ್ವ ಉಂಡು ಒರಗಿದಾಗ ಗೂಡಿನ ಮುಂದೆ ಕುಳಿತೆ. ಇಳಿಸು ಎಂದೆ. ಗೂಡು ಹೇಳಿತು, ಈ ಫೈಲು ಬಳಕೆಯಲ್ಲಿದೆ, ಹಿಡಿದಿರುವವರು ಯಾರೆಂದು ನೋಡುವಿರಾ? ನಿಮ್ಮ ಕಾಲದ ಕಂಪ್ಯೂಟರುಗಳೂ ಇದನ್ನೇ ಬೇರೆ ಮಾತಿನಲ್ಲಿ ಹೇಳುತ್ತಿದ್ದವು. ಯಾರೋ ತೆರೆದಿಟ್ಟುಕೊಂಡ ಫೈಲು ಹೋಗುವುದಿಲ್ಲ. ಮೊದಲು ಹಿಡಿದವರನ್ನು ಹುಡುಕು, ಮುಚ್ಚಿಸು, ಆಮೇಲೆ ಇಳಿಸು. ಶಾಲೆಯ ಎರಡನೆಯ ತರಗತಿಯಲ್ಲೇ ನಮಗೆ ಇದನ್ನು ಕಲಿಸುತ್ತಾರೆ. ನನಗೆ ನೋಡುವ ಅಗತ್ಯ ಕಾಣಲಿಲ್ಲ. ಹಿಡಿದವಳು ಒಳಗೆ ಗೊರಕೆ ಹೊಡೆಯುತ್ತಿದ್ದಾಳೆ, ಕಿವಿಯಲ್ಲಿ ಗುಂಡು ಹಾಗೇ ಇದೆ, ಅವಳಲ್ಲದೆ ಇನ್ನಾರು? ಬೇಡ ಎಂದೆ. ಮತ್ತೊಮ್ಮೆ ಇಳಿಸು ಎಂದೆ. ಮತ್ತೆ ಅದೇ ಉತ್ತರ. ಮೂರನೆಯ ಸಲ ನನ್ನ ಕಿವಿ ಬಿಸಿಯಾಯಿತು. ಸತ್ತ ಮಗನಿಗೆ ಚಹಾ ಇಡಿಸುವ ಫೈಲು, ನನ್ನನ್ನು ಕಸಕ್ಕೆ ಹಚ್ಚಿದ ಫೈಲು, ಈಗ ಹೋಗಲೂ ಒಲ್ಲೆನೆನ್ನುತ್ತದೆ.

ಆಗ ಗೂಡನ್ನು ಆರಿಸಿ ಒಂಟಿದೀಪದಲ್ಲಿ ಎಬ್ಬಿಸಿದೆ. ಮನೆಯ ಎಲ್ಲ ಕೆಲಸಗಳನ್ನೂ ನಿಲ್ಲಿಸಿ, ಗೂಡು ಬರೀ ತನ್ನ ಒಂದು ದೀಪ ಮಾತ್ರ ಹಚ್ಚಿಕೊಂಡು ಏಳುವ ಸ್ಥಿತಿ ಅದು. ಆಗ ಯಾರ ಹಿಡಿತವೂ ಇರುವುದಿಲ್ಲ, ಎಂಥ ಮೊಂಡು ಫೈಲೂ ಮಾತು ಕೇಳುತ್ತದೆ. ತಂಪು ನಿಂತಿತು, ಬೀಸಣಿಗೆ ನಿಂತಿತು. ಇಳಿಸು ಎಂದೆ, ಇಳಿಯಿತು. ಇಳಿದ ಫೈಲು ಮೂರು ದಿನ ಕಸದ ತೊಟ್ಟಿಯಲ್ಲಿ ಕಾಯುತ್ತದೆ, ಮನಸ್ಸು ಬದಲಾದರೆ ಎತ್ತಿಕೊಳ್ಳಬಹುದು. ಮೂರು ದಿನ ನನ್ನನ್ನು ನಾನು ನಂಬಲಾರೆ ಎನ್ನಿಸಿತು. ತೊಟ್ಟಿಯನ್ನೂ ಬರಿದು ಮಾಡಿದೆ. ಮನೆಯೆಲ್ಲ ಬೆಂಕಿಯಂತೆ ಕಾದಿತ್ತು. ನಾನು ಬೆವರು ಒರೆಸಿಕೊಂಡು ಗೂಡನ್ನು ಮಾಮೂಲಿನಂತೆ ಎಬ್ಬಿಸಿ, ಅವ್ವನ ಪಕ್ಕದಲ್ಲಿ ಹೋಗಿ ಕುಳಿತು, ಅವಳು ಕಣ್ಣು ಬಿಡುವುದನ್ನೇ ಕಾದೆ. ತಲೆ ಬಾಚಿಕೊಂಡಿದ್ದೆ. ದಾವಣಗೆರೆಗೆ ಹೋಗುವ ಮುಂಚೆ ಉಡುತ್ತಿದ್ದ ಬಣ್ಣದ ಸೀರೆ ಉಟ್ಟಿದ್ದೆ.

ಅವಳು ಎದ್ದಳು. ನನ್ನನ್ನು ನೋಡಿದಳು. ತಲೆಯನ್ನು ಸ್ವಲ್ಪ ಓರೆ ಮಾಡಿ ಕಿವಿಯ ಮಾತಿಗೆ ಕಾದಳು. ಇನ್ನೂ ಕಾದಳು. ಬೆರಳಿನಿಂದ ಕಿವಿಯನ್ನು ತಟ್ಟಿಕೊಂಡಳು. ಆಮೇಲೆ ಸೆರಗು ಸರಿಮಾಡಿಕೊಂಡು ಎದ್ದು ಕುಳಿತು, ಮನೆಗೆ ಬಂದ ಅತಿಥಿಗಳ ಮುಂದೆ ಮಾತ್ರ ಬಳಸುತ್ತಿದ್ದ ಮೆದು ದನಿಯಲ್ಲಿ ಕೇಳಿದಳು.

“ನೀವು ಯಾರ ಪೈಕಿರೀ? ಬಾಳ ಹೊತ್ತ ಆತೇನ ಬಂದು?”

ಒಂಬತ್ತು ವರ್ಷ ನನ್ನನ್ನು ನೀನು ಎಂದು ಬೈದವಳು. ಹನುಮವ್ವಳೂ ಹೋದಳು. ಈಗ ನಾನು ಈ ಮನೆಯಲ್ಲಿ ಕೆಲಸದವಳೂ ಅಲ್ಲ.

ಸಂಜೆ ಅವಳು ಚಹಾ ಇಡಲು ಹೇಳಲಿಲ್ಲ. ದೀಪವನ್ನೂ ಕೇಳಲಿಲ್ಲ. ಮಗಳ ಮಾತೂ ಎತ್ತಲಿಲ್ಲ. ಕೋಲಿಗೆ ಒರಗಿದ್ದ ಗೋಡೆಯೆಲ್ಲ ಕೋಲಿನ ಜೊತೆಗೇ ಬಿದ್ದಿತು. ಮೂರು ದಿನ ಕಿವಿ ತಟ್ಟಿಕೊಳ್ಳುತ್ತಿದ್ದಳು, ನಾಲ್ಕನೆಯ ದಿನ ಅದನ್ನೂ ಬಿಟ್ಟಳು. ಈಗ ಕಿಟಕಿಯ ಬಳಿ ಕುಳಿತಿರುತ್ತಾಳೆ. ನಾನು ತುತ್ತು ಕೊಟ್ಟರೆ, “ನಿಮಗ್ಯಾಕ ತ್ರಾಸು,” ಎನ್ನುತ್ತಾಳೆ.

ಐದನೆಯ ದಿನ ಗೂಡಿನಿಂದ ವರದಿ ಬಂತು. ದೊಡ್ಡ ಫೈಲು ಇಳಿಸಿದರೆ ಹೀಗೊಂದು ವರದಿ ತಾನಾಗಿ ಬರುತ್ತದೆ, ಸಾಮಾನ್ಯವಾಗಿ ಯಾರೂ ಓದುವುದಿಲ್ಲ. ತಪ್ಪು ಹುಡುಕುವುದೇ ನನ್ನ ಉದ್ಯೋಗವಾದ್ದರಿಂದ ನಾನು ಓದಿದೆ. ‘ಹಿಡಿದಿದ್ದವರು’ ಎಂಬ ಸಾಲಿನ ಮುಂದೆ ಅವ್ವನ ಹೆಸರಿರಲಿಲ್ಲ. ಕೇಳುವವರು ಫೈಲನ್ನು ಹಿಡಿದಂತಲ್ಲ. ಅಲ್ಲಿ ಬರೆದಿದ್ದದ್ದು ಇಷ್ಟು: ಅನಸೂಯಾಳ ಕೋಣೆ, ಓದುವ ಮಣೆ, ಒಂಬತ್ತು ವರ್ಷ ಒಂದು ತಿಂಗಳಿನಿಂದ ತೆರೆದೇ ಇದೆ.

ನೇಕಾರರ ಮನೆಯವರಿಗಲ್ಲದೆ ಇದು ಬೇರೆಯವರಿಗೆ ಅರ್ಥವಾಗುವುದು ಕಷ್ಟ. ಮಗ್ಗಕ್ಕೆ ಏರಿಸಿದ ಹಾಸನ್ನು ನೆಯ್ದು ಮುಗಿಸದೆ ಬಿಚ್ಚುವುದಿಲ್ಲ ನಾವು. ಅದೇ ರೂಢಿ ಓದಿಗೂ ಬಂದಿದೆ. ಹಿಡಿದ ಪುಸ್ತಕವನ್ನು ಮುಗಿಸುವ ತನಕ ಮುಚ್ಚುವುದಿಲ್ಲ, ಮಗುಚಿ ಇಡುವುದೂ ಇಲ್ಲ, ತೆರೆದಂತೆಯೇ ಮೇಲೊಂದು ಬಟ್ಟೆ ಹೊದಿಸಿ ಬಿಡುತ್ತೇವೆ. ಅವ್ವನ ಫೈಲು ನನಗೆ ಮುಗಿದಿರಲಿಲ್ಲ. ನನ್ನ ಹೆಸರು ಇನ್ನೂ ಬಂದಿರಲಿಲ್ಲ. ಬಂದ ದಿನ ತೆರೆದದ್ದನ್ನು ಹಾಗೇ ಬಿಟ್ಟು, ದಿನವೂ ಬೆಳಿಗ್ಗೆ ಬಟ್ಟೆ ಸರಿಸಿ, ಹೆಸರು ಬಂತೇ ಎಂದು ನೋಡಿ, ಮತ್ತೆ ಬಟ್ಟೆ ಹೊದಿಸುತ್ತಿದ್ದೆ. ಓದುವುದೂ ಹಿಡಿಯುವುದೇ ಎಂದು ನನಗೆ ಹೊಳೆಯಲಿಲ್ಲ. ಒಬ್ಬರು ತೆರೆದಿಟ್ಟ ಫೈಲಿನಲ್ಲಿ ಇನ್ನೊಬ್ಬರು ಬರೆಯಲಾಗದು. ಒಡತಿ ಹೇಳಿದ್ದನ್ನು ಕೋಲು ಆಯಿತು ಎಂದು ಕೇಳಿಸಿಕೊಳ್ಳುತ್ತದೆ, ಫೈಲು ಬಿಡುವಾಗಲೆಂದು ಸಂಜೆಯವರೆಗೆ ಕಾಯುತ್ತದೆ, ಬಿಡುವಾಗದಿದ್ದರೆ ಸುಮ್ಮನೆ ಕೈಚೆಲ್ಲುತ್ತದೆ. ಒಡತಿಗೆ ಹೇಳುವುದೂ ಇಲ್ಲ, ವೃದ್ಧರಿಗೆ ಗಾಬರಿಯಾಗಬಾರದೆಂದು.

ವರದಿಯ ಕೆಳಗೆ, ಬರೆಯಲಾಗದೆ ಕೈಚೆಲ್ಲಿದ ಮಾತುಗಳ ಪಟ್ಟಿ ಇತ್ತು. ಪೂರ್ತಿ ಮಾತನ್ನು ಇಟ್ಟುಕೊಳ್ಳುವುದಿಲ್ಲ, ತಾರೀಕು ಮತ್ತು ಮೊದಲ ಪದ ಮಾತ್ರ. ಇನ್ನೂರ ಹದಿನಾಲ್ಕು ಸಾಲು. ಮೊದಲನೆಯದು ನಾನು ಬಂದ ಮರುದಿನದ್ದು, ಅವಳು ಸ್ನಾನದ ಮನೆಯಲ್ಲಿ ಗುನುಗಿದ ಹೊತ್ತಿನದ್ದು: ಅನಸೂಯಾ. ಅದರ ಮರುವಾರ ಎರಡು ಸಲ: ಅನಸೂಯಾ, ಅನಸೂಯಾ. ಮುಂದಿನ ವರ್ಷಗಳಲ್ಲಿ ಹೆಸರು ಅವಳಿಂದ ಜಾರಿರಬೇಕು: ಮಗಳು. ಮಗಳು. ನನ್ನ ಮಗಳು ಎಂದು ಶುರು ಮಾಡಿರಬಹುದಾದಲ್ಲೆಲ್ಲ ‘ನನ್ನ’ ಎಂದಷ್ಟೇ ಉಳಿದಿತ್ತು. ಪಂಪಣ್ಣನನ್ನು ಮಣ್ಣು ಮಾಡಿದ ಸಂಜೆ: ಪಂಪಣ್ಣ. ನಾನು ಬೇಕೆಂದೇ ಹೇಳಿದ ಮೂರು ದಿನಗಳಲ್ಲೂ, ನನ್ನ ಮುಂದೆ ಕುಸಿದು ಕೂತ ಮೇಲೆ ಒಳಗೆ ಹೋಗಿ, ಮತ್ತೆ ಮರೆಯಬಾರದೆಂದು ಬರೆಸಲು ನೋಡಿದ್ದಾಳೆ: ಪಂಪಣ್ಣ, ಪಂಪಣ್ಣ, ಪಂಪಣ್ಣ. ಕೊನೆಯ ಸಾಲು ಈ ಜನವರಿಯದು, ನಾನು ಗೂಡು ಖಾಲಿ ಮಾಡಲು ಕುಳಿತ ಬೆಳಗಿನದು. ಮೊದಲ ಪದ ‘ಇವಳು’. ಮುಂದೆ ಏನಿತ್ತೆಂದು ಯಾರಿಗೂ ಗೊತ್ತಿಲ್ಲ. ರೊಟ್ಟಿ ದಪ್ಪ ಮಾಡುತ್ತಾಳೆ ಎಂದೂ ಇರಬಹುದು.

ಮಣೆಯ ಬಳಿ ಹೋಗಿ ಬಟ್ಟೆ ಸರಿಸಿದೆ. ಖಾಲಿ ಇತ್ತು. ಒಂಬತ್ತು ವರ್ಷದ ನಂತರ ಮೊದಲ ಸಲ ಅದನ್ನು ಮುಚ್ಚಿದೆ.

ನಿಮ್ಮಲ್ಲಿ ನನ್ನ ಕೋರಿಕೆ ದೊಡ್ಡದಲ್ಲ. ಹೋಗದ ಫೈಲು ಕಂಡರೆ ಕೋಪ ಮಾಡಿಕೊಳ್ಳಬೇಡಿ. ಅದು ಹಠ ಮಾಡುತ್ತಿಲ್ಲ, ಯಾರೋ ಹಿಡಿದಿದ್ದಾರೆ ಎಂದಷ್ಟೇ ಹೇಳುತ್ತಿದೆ. ಯಾರೆಂದು ನೋಡಿ. ನೋಡುವಾಗ ಮೊದಲು ನಿಮ್ಮ ಕೋಣೆಯಿಂದಲೇ ಶುರು ಮಾಡಿ, ನೀವು ತೆರೆದಿಟ್ಟು ಮರೆತದ್ದನ್ನೆಲ್ಲ ಮುಚ್ಚಿ. ಒಂದು ಪ್ರತಿ ಬೇರೆ ಕಡೆ ಎತ್ತಿಡಿ. ಒತ್ತಾಯದಿಂದ ಕೀಳುವ ಉಪಾಯಗಳು ಎಲ್ಲ ಕಾಲದಲ್ಲೂ ಸಿಗುತ್ತವೆ, ಚೆನ್ನಾಗಿಯೇ ಕೆಲಸ ಮಾಡುತ್ತವೆ, ಅದಕ್ಕೇ ಅವುಗಳನ್ನು ಕೊನೆಗೆ ಇಡಿ. ತೊಟ್ಟಿ ಬರಿದು ಮಾಡುವ ಮುಂಚೆ ಮೂರು ದಿನ ಕಾಯಿರಿ, ನಿಮ್ಮನ್ನು ನೀವು ನಂಬದಿದ್ದರಂತೂ ತಪ್ಪದೆ ಕಾಯಿರಿ. ಇದರಿಂದ ನನಗೇನೂ ಮರಳಿ ಬರುವುದಿಲ್ಲ. ನಿಮ್ಮ ಮನೆಯಲ್ಲಿ ಯಾರಿದ್ದಾರೆಂದೂ ನನಗೆ ಗೊತ್ತಿಲ್ಲ.

ಇದನ್ನು ಇಲ್ಲಿಗೆ ಮುಗಿಸಬೇಕೆಂದಿದ್ದೆ. ಈಗ ಬಾಗಿಲಲ್ಲಿ ತುಳಸಾಬಾಯಿ ಬಂದು ನಿಂತಿದ್ದಾರೆ, ಒಳಗೆ ಬರುವುದಿಲ್ಲವಂತೆ. ಹೊಸ್ತಿಲ ಆಚೆಯಿಂದಲೇ ಕುತ್ತಿಗೆ ಚಾಚಿ, ಕಿಟಕಿಯ ಬಳಿಯ ಅವ್ವನನ್ನು ಬಹಳ ಹೊತ್ತು ನೋಡಿ, ನನ್ನ ಕಡೆ ತಿರುಗಿ ಹೇಳಿದರು:

“ನಿಮ್ಮವ್ವಾರು ಈಗ ಎಷ್ಟ ಚೊಲೋ ಸುಮ್ಮನ ಕುಂದರತಾರ್ರೀ ಅಕ್ಕಾರ, ದನೀನ ಇಲ್ಲ. ನಮ್ಮ ಅತ್ತೀದೂ ಇವತ್ತ ಇಳಿಸಿಬಿಡೂಣಂತ ಮಾಡೇನಿ. ಬಿಟ್ಟೆ ಅನ್ರಿ ಲಗೂನ, ಹಾಲ ಒಲಿ ಮ್ಯಾಲ ಇಟ್ಟ ಬಂದೇನಿ.”